ಅರವತ್ತಕ್ಕೆ ಅರವತ್ತು ಪಾಸಾದ ಮಳೆಗಾಲ

ಹೋದ ವಾರ ಗಜೇಂದ್ರಗಡದಲ್ಲಿ ಪೈಪು ಹೂಳಲೆಂದು ದೊಡ್ಡ ರಸ್ತೆಯನ್ನು ಅಗೆದು ಹಾಕಿದ್ದರು. ಬಸ್ ಸ್ಟ್ಯಾಂಡಿಗೆ ಹೋಗಲು ನೇಕಾರರ ಓಣಿಯೊಳಗಿಂದ ಸುತ್ತಿ ಬರಬೇಕಾಯಿತು. ಯಾರದೋ ಮನೆಯ ಮುಂದೆ ಗಂಜಿ ಹಾಕಿದ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಒಣಗಿಸುತ್ತಿದ್ದರು. ಆ ಹಸಿ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ನಡಿಗೆ ನಿಧಾನವಾಯಿತು. ಉಳಿದವರಿಗೆ ಗಂಜಿ ಎಂದರೆ ಊಟದ ನೆನಪೋ ಕಾಯಿಲೆಯ ನೆನಪೋ ಆಗುತ್ತದೆ. ನನಗೆ ಎರಡು ಸಾವಿರದ ಆರನೆಯ ಇಸವಿಯ ಮಳೆಗಾಲ ನೆನಪಾಗುತ್ತದೆ, ಅದರ ಬೆನ್ನಿಗೇ ನಾಚಿಕೆಯಾಗುತ್ತದೆ.

ಆಗ ನಾನು ಅಲ್ಲಿಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಅನ್ನುವುದಕ್ಕಿಂತ, ವರ್ಷದ ಮಟ್ಟಿಗೆ ನನ್ನನ್ನು ಇಟ್ಟುಕೊಂಡಿದ್ದರು ಅನ್ನುವುದು ಸರಿ. ಅದಕ್ಕೂ ಮೊದಲು ನರಗುಂದದಲ್ಲಿ ಎರಡು ವರ್ಷ, ರೋಣದಲ್ಲಿ ಮೂರು ವರ್ಷ ಹೀಗೇ ಕಳೆದಿದ್ದವು. ಏಪ್ರಿಲ್ ಬಂತೆಂದರೆ ಆದೇಶ ಮುಗಿಯುತ್ತಿತ್ತು. ಆಮೇಲೆ ಜೂನ್‌ವರೆಗೆ ಯಾರು ಕರೆಯುತ್ತಾರೋ ಎಂದು ದಾರಿ ಕಾಯುವುದು. ನನ್ನ ಹೆಂಡತಿ ಸುಮಂಗಲಾ ಮದುವೆಯಲ್ಲಿ ಬಂದ ದೊಡ್ಡ ಪಾತ್ರೆಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದನ್ನೇ ಬಿಟ್ಟುಬಿಟ್ಟಿದ್ದಳು. ಕೇಳಿದರೆ, "ಮತ್ತ ಕಟ್ಟೂದು ಇದ್ದ ಐತೆಲ್ಲ" ಎನ್ನುತ್ತಿದ್ದಳು. ಬೇಸರ ಮಾಡಿಕೊಂಡು ಹೇಳಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಅವಳು ಅದನ್ನು ಹವೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು.

ಆ ಜೂನಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ಕೋಣೆಗೆ ಕರೆಸಿ ಬಾಗಿಲು ಮುಂದಕ್ಕೆ ಎಳೆದರು.

"ನೋಡ್ರಿ, ದೀಪಾವಳಿಕಿಂತ ಮೊದಲ ಸಂಸ್ಥಾದ ಕಮಿಟಿಯವರು ಬರ್ತಾರ. ಒಂದ ಒಂದು ಪೋಸ್ಟ್ ಕಾಯಂ ಮಾಡೂದೈತಿ. ಕಾಮರ್ಸಿನವರೂ ಅದಕ್ಕ ಕಾಯಾಕತ್ತಾರ. ನಿಮ್ಮ ಕಡಿಂದ ಏನರ ಒಂದು ತೋರಸ್ರಿ. ಮುಂದಿಂದು ನಾ ನೋಡ್ಕೋತೀನಿ."

ತೋರಿಸಲು ನನ್ನ ಹತ್ತಿರ ಒಂದೇ ಒಂದು ವಸ್ತುವಿತ್ತು. ಬೇರೆ ಬೇರೆ ದೇಶಗಳ ಜನ ಸೇರಿ, ಪುಕ್ಕಟೆಯಾಗಿ ಹಂಚಲು ಬರೆಯುತ್ತಿದ್ದ ಒಂದು ಡಿಬಗರ್ ಇತ್ತು. ಓಡುತ್ತಿರುವ ಪ್ರೋಗ್ರಾಮನ್ನು ನಡುವೆ ತಡೆದು ನಿಲ್ಲಿಸಿ, 'ಈಗ ಎಷ್ಟನೇ ಸಾಲಿನಲ್ಲಿದ್ದೀ, ನಿನ್ನ ಕೈಯಲ್ಲಿ ಯಾವ ಅಂಕಿ ಎಷ್ಟಿದೆ' ಎಂದು ವಿಚಾರಿಸುವ ಸಾಧನ ಅದು. ಅದು ಕೊಡುವ ಉತ್ತರ ಸರಿ ಇದೆಯೇ ಎಂದು ನೋಡಲು ಟೆಸ್ಟ್‌ಗಳು ಬೇಕು. ಟೆಸ್ಟ್ ಎಂದರೆ ಮತ್ತೇನಲ್ಲ, ತಾನಾಗಿ ನಡೆಯುವ ಮೌಖಿಕ ಪರೀಕ್ಷೆ. ನಾವು ಬರೆದಿಟ್ಟ ಪ್ರಶ್ನೆಯನ್ನು ಕಂಪ್ಯೂಟರೇ ಡಿಬಗರಿಗೆ ಕೇಳುತ್ತದೆ, ಬಂದ ಉತ್ತರವನ್ನು ನಾವು ಕೊಟ್ಟ ಮಾದರಿಗೆ ಹೊಂದಿಸಿ ನೋಡುತ್ತದೆ, ಹೊಂದಿದರೆ ಪಾಸ್ ಎಂದೂ ಇಲ್ಲದಿದ್ದರೆ ಫೇಲ್ ಎಂದೂ ಬರೆಯುತ್ತದೆ. ರೋಣದಲ್ಲಿದ್ದಾಗ ಇಂಥ ಅರವತ್ತು ಟೆಸ್ಟ್‌ಗಳನ್ನು ಬರೆದು ಆ ಜನರಿಗೆ ಮೇಲ್ ಮಾಡಿದ್ದೆ. ಅವರು ಒಪ್ಪಿಕೊಂಡು ತಮ್ಮ ಕೆಲಸದಲ್ಲಿ ಸೇರಿಸಿಕೊಂಡಿದ್ದರು. ಕಡತದ ನೆತ್ತಿಯ ಮೇಲೆ ನನ್ನ ಹೆಸರಿತ್ತು.

ಪ್ರಿನ್ಸಿಪಾಲರಿಗೆ ಇದನ್ನು ಹೇಳಿದ್ದೇ, ಮರುದಿನ ನೋಟಿಸ್ ಬೋರ್ಡಿನ ಮೇಲೆ ಹಳದಿ ಚಾಕ್‌ನಲ್ಲಿ ನನ್ನ ಹೆಸರು ಬಂತು, ಕೆಳಗೆ 'ಅರವತ್ತಕ್ಕೆ ಅರವತ್ತು ಪಾಸ್' ಎಂದಿತ್ತು. ಏನು ಪಾಸಾಯಿತು, ಯಾರು ಪಾಸಾದರು ಎಂದು ಯಾರೂ ಕೇಳಲಿಲ್ಲ. ನಾನೂ ಆ ಬೋರ್ಡಿನ ಮುಂದೆ ದಿನಕ್ಕೆರಡು ಸಲ ಸುಮ್ಮನೆ ಹಾದು ಹೋಗುತ್ತಿದ್ದೆ.

ಇಲ್ಲಿ ನನ್ನ ಕೆಲಸದ ರೀತಿಯನ್ನು ಹೇಳಿಬಿಡಬೇಕು. ಮಾದರಿ ಬರೆಯುವಾಗ ಒಂದು ಅನುಕೂಲವಿದೆ. ಒಂದು ಚುಕ್ಕೆ, ಅದರ ಪಕ್ಕದಲ್ಲೊಂದು ನಕ್ಷತ್ರ ಒತ್ತಿದರೆ 'ಇಲ್ಲಿ ಏನು ಬಂದರೂ ನಡೆಯುತ್ತದೆ' ಎಂದರ್ಥ. ಡಿಬಗರಿನ ಉತ್ತರ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ತರಹ ಬರುತ್ತದೆ, ಒಂದು ಖಾಲಿ ಜಾಗ ಹೆಚ್ಚಾದರೂ ಟೆಸ್ಟ್ ಫೇಲಾಗುತ್ತದೆ. ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂಬ ಅವಸರ ಬೇರೆ. ಹೀಗಾಗಿ ಎಲ್ಲಿ ತಂಟೆ ಬಂತೋ ಅಲ್ಲಿ ನಾನು ಚುಕ್ಕೆ-ನಕ್ಷತ್ರ ಹಾಕುತ್ತಾ ಹೋಗಿದ್ದೆ. ಹಾಕಿದ ಕೂಡಲೇ ಪಾಸ್ ಎಂದು ಬರುತ್ತಿತ್ತು. ಅದನ್ನು ಜಾಣತನ ಅಂದುಕೊಂಡಿದ್ದೆ.

ರೇಣುಕಾ ಕೊನೆಯ ವರ್ಷದ ವಿದ್ಯಾರ್ಥಿನಿ. ನೇಕಾರರ ಓಣಿಯ ಹುಡುಗಿ, ಮಾತು ಕಡಿಮೆ, ಕೀಲಿಮಣೆಯ ಮೇಲೆ ಕೈ ಮಾತ್ರ ಚುರುಕು. ಪ್ರಾಜೆಕ್ಟಿಗೆಂದು ನಾನು ಅವಳಿಗೆ ಆ ಡಿಬಗರಿನ ಮೂಲ ಬರಹವನ್ನೂ ನನ್ನ ಟೆಸ್ಟ್‌ಗಳನ್ನೂ ಸಿ.ಡಿ.ಯಲ್ಲಿ ಕೊಟ್ಟಿದ್ದೆ. ಓದಿ ತಿಳಿದುಕೊಂಡು ಹತ್ತು ಪುಟ ಬರೆದು ಕೊಡಲಿ ಎಂಬುದು ನನ್ನ ಲೆಕ್ಕಾಚಾರ. ಜುಲೈ ಕೊನೆಯ ವಾರ, ಹೊರಗೆ ಜಿಟಿಜಿಟಿ ಮಳೆ. ಗುಡ್ಡದ ಮೇಲೆ ಹೊಸದಾಗಿ ನಿಲ್ಲಿಸಿದ್ದ ಗಾಳಿಯಂತ್ರಗಳು ಮೋಡದೊಳಗೆ ಮುಳುಗಿ ಬರೀ ಕಾಲುಗಳಷ್ಟೇ ಕಾಣುತ್ತಿದ್ದವು. ಲ್ಯಾಬಿನಲ್ಲಿ ಹದಿನೈದು ಜನ ಇದ್ದಾಗ ಅವಳು ಎದ್ದು ನಿಂತಳು.

"ಸರ್, ನಿಮ್ಮ ಅರವತ್ತೂ ಪಾಸ್ ಆದ್ವುರಿ."

"ಆಗಬೇಕಲ್ಲ" ಎಂದೆ.

"ಆಗಬಾರದಿತ್ರಿ. ನಾ ಡಿಬಗರ್ ಕೆಡಿಸಿಟ್ಟೇನಿ. ಪ್ರೋಗ್ರಾಮ್ ಹದಿನಾಲ್ಕನೇ ಸಾಲಿನ್ಯಾಗ ನಿಂತರ ಹದಿನೈದು ಅಂತ ಸುಳ್ಳು ಹೇಳೂ ಹಂಗ ಮಾಡೇನಿ. ಆದ್ರೂ ಎಲ್ಲಾ ಪಾಸ್ ಅನ್ನಾಕತ್ತೈತ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನಿನಗ ಕೆಡಸಾಕ ಕೊಟ್ಟಿದ್ನೇನು ಅದನ್ನ? ಹೇಳಿದಷ್ಟು ಮಾಡು. ಲ್ಯಾಬ್ ಅಂದ್ರ ಹುಡುಗಾಟಕಿ ಅಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಗದರಿದೆ. "ಹೂನ್ರಿ" ಎಂದು ಕೂತಳು. ಮರುದಿನದಿಂದ ಲ್ಯಾಬಿಗೆ ಬರುವುದನ್ನು ಬಿಟ್ಟಳು.

ಅವಳು ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡುವ ಧೈರ್ಯ ಬರಲು ನನಗೆ ಭಾನುವಾರ ಬೇಕಾಯಿತು, ಯಾರೂ ಇಲ್ಲದ ಲ್ಯಾಬ್ ಬೇಕಾಯಿತು. ನೋಡಿದೆ. ಅರವತ್ತಕ್ಕೆ ಅರವತ್ತು ಪಾಸ್. ಒಂದೊಂದೇ ಮಾದರಿಯನ್ನು ತೆರೆದು ಓದತೊಡಗಿದೆ. ಒಂದರಲ್ಲಿ 'ಟೋಟಲ್ ಎಷ್ಟು' ಎಂಬುದು ಪ್ರಶ್ನೆ. ಉತ್ತರದಲ್ಲಿ ಎಲ್ಲಾದರೂ ಟೋಟಲ್ ಎಂಬ ಪದ ಸಿಕ್ಕರೆ ಸಾಕು, ಹಿಂದೆ ಮುಂದೆ ಏನು ಬಂದರೂ ನಡೆಯುತ್ತದೆ ಎಂದು ನಾನು ಬರೆದಿದ್ದೆ. ಡಿಬಗರ್ ಒಂದು ವೇಳೆ 'ಟೋಟಲ್ ಎಂಬುದು ಏನೆಂದೇ ನನಗೆ ಗೊತ್ತಿಲ್ಲ' ಎಂದು ಕೈಚೆಲ್ಲಿದರೂ ಆ ಉತ್ತರದಲ್ಲಿ ಟೋಟಲ್ ಎಂಬ ಪದ ಇದ್ದೇ ಇರುತ್ತದಲ್ಲ. ಪಾಸ್. ವಿದ್ಯಾರ್ಥಿಯೊಬ್ಬ ಪ್ರಶ್ನೆಯನ್ನೇ ಉತ್ತರಪತ್ರಿಕೆಯಲ್ಲಿ ಬರೆದಿಟ್ಟು ಎದ್ದುಹೋದರೆ ಅವನಿಗೆ ಪೂರ್ಣ ಅಂಕ ಕೊಟ್ಟ ಮೇಷ್ಟ್ರು ನಾನಾಗಿದ್ದೆ.

ಹಾಜರಾತಿಯ ನೆಪ ಮಾಡಿಕೊಂಡು ಮರುದಿನ ಸಂಜೆ ಅವಳ ಮನೆಗೆ ಹೋದೆ. ಎರಡು ದಿನ ಬಿಸಿಲು ಬಿದ್ದಿತ್ತೆಂದು ಓಣಿ ತುಂಬ ನೂಲಿಗೆ ಗಂಜಿ ಹಾಕಿದ್ದರು. ಮನೆಯೊಳಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಅವಳ ತಾಯಿ ಈರವ್ವ ಕೂತಿದ್ದರು. ಮಗ್ಗದ ಮೇಲೆ ಪಟ್ಟೇದ ಅಂಚಿನ ಸೀರೆ ಅರ್ಧವಾಗಿತ್ತು. ಎರಡೂ ಮಗ್ಗುಲು ಉಡಲು ಬರುವ ಸೀರೆ ಅದು. ತಪ್ಪಾದರೆ ಒಳಮಗ್ಗುಲಿಗೆ ಮುಚ್ಚಿಡಲು ಜಾಗವಿಲ್ಲ.

"ಬರ್ರಿ ಸರ್, ಕುಂದರ್ರಿ" ಎಂದರು ಈರವ್ವ. ರೇಣುಕಾ ಚಹಾ ತರಲು ಒಳಗೆ ಹೋದಳು. ಆಮೇಲೆ ತಾಯಿ ತಾವಾಗಿಯೇ ಕೇಳಿದರು. "ಕಾಲೇಜಿಂದು ಏನೋ ಕೆಡಿಸ್ಯಾಳಂತ?"

"ಕೆಡಿಸಿದ್ದು ಚಲೋನ ಆತ್ರಿ" ಎಂದೆ. "ಆದ್ರ ಹಂಗ ಕೆಡಿಸಿ ನೋಡಬೇಕು ಅಂತ ಅಕಿಗೆ ಯಾಕ ಅನಿಸ್ತು?"

ಈರವ್ವ ಲಾಳಿ ನಿಲ್ಲಿಸಿದರು. "ಅದು ನನ್ನ ಚಟರಿ. ಸೀರಿ ತಪ್ಪು ನೋಡೂದು ಕಲಸಾಕ, ಅಂಚಿನ್ಯಾಗ ನಾನ ಒಂದು ಎಳಿ ತಪ್ಪಿಸಿ ನೇದು ಅಕಿ ಕೈಯಾಗ ಕೊಡ್ತಿದ್ದೆ. ಹೇಳ್ತಿರಲಿಲ್ಲ. ಅದನ್ನ ಹಿಡದರ ಅಕಿಗೆ ಕಣ್ಣು ಬಂದೈತಿ ಅಂತ. ಹಿಡೀಲಿಲ್ಲಂದ್ರ, ಎಲ್ಲಾ ಬರೋಬರಿ ಐತಿ ಅಂತ ಅಕಿ ಎಷ್ಟ ಹೇಳಿದ್ರೂ ನಾ ಆ ಮಾತು ಹಿಡೀತಿರಲಿಲ್ಲ. ತಪ್ಪು ಕಾಣದವರು ಚಲೋ ಐತಿ ಅಂದ್ರ ಅದಕ್ಕ ಏನು ಕಿಮ್ಮತ್ತು ಹೇಳ್ರಿ?"

ರೇಣುಕಾ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ತಾಯಿಯ ಎದುರಿಗೇ, "ತಪ್ಪು ನಂದೈತಿ, ನಾಳೆಯಿಂದ ಲ್ಯಾಬಿಗೆ ಬಾ. ಅರವತ್ತೂ ತಿದ್ದೂಣು" ಎಂದೆ. ಅವಳು ಚಹಾ ಕೊಟ್ಟು, ಬಿಸ್ಕೀಟಿನ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

ಆಗಸ್ಟ್, ಸೆಪ್ಟೆಂಬರ್ ಪೂರ್ತಿ ಅದೇ ಕೆಲಸ. ಹೆಸರುಕಾಯಿ ಬಿಡಿಸುವ ಹಂಗಾಮು ಎಂದು ಮುಶಿಗೇರಿ, ಜಕ್ಕಲಿ ಕಡೆಯ ವಿದ್ಯಾರ್ಥಿಗಳು ಕಾಲೇಜಿಗೆ ಬರುತ್ತಿರಲಿಲ್ಲ. ಬಂದವರ ಚಪ್ಪಲಿಗೆ ಎರೆಮಣ್ಣು ಮೆತ್ತಿ ಲ್ಯಾಬಿನ ನೆಲ ಕರಿಯಾಗುತ್ತಿತ್ತು. ರೇಣುಕಾ ತನ್ನ ಕಂಪ್ಯೂಟರಿನಲ್ಲಿ ಎರಡು ಡಿಬಗರ್ ಇಟ್ಟುಕೊಂಡಳು. ಒಂದಕ್ಕೆ 'ಖರೇ', ಟೆಸ್ಟಿಗೆ ತಕ್ಕಂತೆ ಕೆಡಿಸಿಟ್ಟ ಇನ್ನೊಂದಕ್ಕೆ 'ಸುಳ್ಳು' ಎಂದು ಹೆಸರು. ಸುಳ್ಳಿನ ಮುಂದೆ ಫೇಲ್ ಆಗದ ಟೆಸ್ಟನ್ನು ಖರೇದರ ಮುಂದೆ ಓಡಿಸಲು ಅವಳು ಬಿಡುತ್ತಿರಲಿಲ್ಲ. ನಾನು ಒಂದೊಂದೇ ಚುಕ್ಕೆ-ನಕ್ಷತ್ರವನ್ನು ಕಿತ್ತು, ಆ ಜಾಗದಲ್ಲಿ ಏನು ಬರಬೇಕೋ ಅದನ್ನೇ ಬರೆಯುತ್ತಿದ್ದೆ. ಉತ್ತರ ಎಲ್ಲಿ ಶುರುವಾಗಬೇಕು, ಯಾವ ಅಂಕಿ ಬರಬೇಕು, ಎಲ್ಲಿ ಮುಗಿಯಬೇಕು, ಮುಗಿದ ಮೇಲೆ ಬಾಲ ಇರಬಾರದು.

ಹುರುಪಿನಲ್ಲಿ ಒಮ್ಮೆ ಅತಿಯಾಗಿಯೂ ಬಿಗಿದೆ. ಬಜಾರಿನಲ್ಲಿ ಖಾದರ್‌ಭಾಯಿಯವರ ಇಂಟರ್ನೆಟ್ ಅಂಗಡಿ ಇತ್ತು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೇಲ್ ಕಳಿಸಲು ಅಲ್ಲಿಗೇ ಹೋಗಬೇಕು. ಅವರ ಕಂಪ್ಯೂಟರಿನಲ್ಲಿ ಓಡಿಸಿದರೆ ಇಪ್ಪತ್ತು ಟೆಸ್ಟ್ ಒಮ್ಮೆಲೇ ಫೇಲ್. ನಮ್ಮ ಲ್ಯಾಬಿನ ಕಡತ ಎಲ್ಲಿದೆ ಎಂಬುದನ್ನೂ ನಾನು ಮಾದರಿಯೊಳಗೆ ಬರೆದುಬಿಟ್ಟಿದ್ದೆ, ಅವರ ಕಂಪ್ಯೂಟರಿನಲ್ಲಿ ಆ ಜಾಗ ಬೇರೆ. ಖಾದರ್‌ಭಾಯಿ ಹಿಂದೆ ನಿಂತು ನೋಡಿ, "ಸರ್, ಗಡಿಯಾರದ ಸ್ಕ್ರೂ ಪೂರಾ ಬಿಗದ್ರ ಮುಳ್ಳ ತಿರಗಂಗಿಲ್ರಿ" ಎಂದರು. ಎಲ್ಲಿ ಸಡಿಲ ಬಿಡಬೇಕು, ಎಲ್ಲಿ ಬಿಡಬಾರದು ಎಂದು ಗೆರೆ ಎಳೆಯುವುದೇ ಕಷ್ಟದ ಕೆಲಸ. ಅದಕ್ಕೆ ಇನ್ನೂ ಎರಡು ವಾರ ಹೋದವು. ಬಿಟ್ಟು ಬಿಟ್ಟು ಬರುವ ಆ ಮಳೆಯಲ್ಲಿ, ಅರ್ಥವಾಗುವ ಒಂದು ಕೆಲಸವನ್ನು ಅರ್ಥವಾಗುವ ಒಬ್ಬರ ಜೊತೆ ಮಾಡಿದ ಆ ದಿನಗಳಷ್ಟು ಸುಖವಾಗಿ ನಾನು ಮತ್ತೆ ಎಂದೂ ಕೆಲಸ ಮಾಡಲಿಲ್ಲ.

ಅಕ್ಟೋಬರ್ ಹೊತ್ತಿಗೆ ಐವತ್ತೊಂಬತ್ತು ಪಾಸ್, ಒಂದು ಫೇಲ್. ಆ ಒಂದು ಟೆಸ್ಟಿನ ಮಾದರಿಯನ್ನು ಬರೆದವಳು ರೇಣುಕಾ. ಪ್ರೋಗ್ರಾಮಿನ ಒಂದು ಭಾಗ ಮುಗಿದು ಹೊರಗೆ ಬಂದ ಕೂಡಲೇ ಟೋಟಲ್ ಕೇಳಿದರೆ ಡಿಬಗರ್ ಹೊಸ ಅಂಕಿಯ ಬದಲು ಹಳೆಯದನ್ನೇ ಹೇಳುತ್ತಿತ್ತು. ತಪ್ಪು ನಮ್ಮದೇ ಇರಬೇಕೆಂದು ಕಾಗದದ ಮೇಲೆ ಕೂಡಿಸಿ ನೋಡಿದೆವು, ಖಾದರ್‌ಭಾಯಿಯವರ ಅಂಗಡಿಯಲ್ಲಿ ಓಡಿಸಿದೆವು. ಎಲ್ಲ ಕಡೆಯೂ ಅದೇ. ಕೊನೆಗೆ ಆ ದೂರದ ಜನರಿಗೆ ಮೇಲ್ ಬರೆದೆ. ನನ್ನ ಹಳೆಯ ಟೆಸ್ಟ್‌ಗಳು ಪೊಳ್ಳಾಗಿದ್ದವು, ಈಗ ಬಿಗಿ ಮಾಡಿದ್ದೇವೆ, ಒಂದು ಫೇಲಾಗುತ್ತಿದೆ, ಅದನ್ನು ಬರೆದವಳು ನನ್ನ ವಿದ್ಯಾರ್ಥಿನಿ ರೇಣುಕಾ ಎಂದೆಲ್ಲ ಬರೆಯಲು ಕೈ ಹಿಂಜರಿಯಲಿಲ್ಲ. ಮುಖ ನೋಡದ ಜನರಿಗೆ ನಿಜ ಹೇಳುವುದು ನನಗೆ ಸುಲಭವಾಗಿತ್ತು.

ಉತ್ತರ ಬರುವುದರೊಳಗೆ ಕಮಿಟಿ ಬರುವ ದಿನ ಬಂತು. ಹಿಂದಿನ ದಿನ ಪ್ರಿನ್ಸಿಪಾಲರಿಗೆ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಜೂನ್‌ದಾಗ ಅರವತ್ತು ಪಾಸ್ ಇದ್ವು. ನಾಕು ತಿಂಗಳು ದುಡದು ಐವತ್ತೊಂಬತ್ತಕ್ಕ ತಂದೀರಿ. ಇದನ್ನ ಕಮಿಟಿ ಮುಂದ ನಾ ಏನಂತ ಹೇಳ್ಲಿ?"

"ಫೇಲ್ ಆಗೂದು ಬರೋಬರಿ ಐತ್ರಿ ಸರ್. ಅಲ್ಲಿ ಖರೇನ ತಪ್ಪೈತಿ."

"ನಿಮಗ ತಿಳೀತೈತಿ, ನನಗ ಅರ್ಧ ತಿಳೀತೈತಿ. ಅವರಿಗೆ ಫೇಲ್ ಅನ್ನೂದೊಂದ ತಿಳೀತೈತಿ. ಒಂದ ದಿನಾ ಅದನ್ನ ಪಾಸ್ ಮಾಡಿ ಇಡ್ರಿ. ಮುಂದ ಬೇಕಾದ್ದು ಮಾಡ್ರಿ."

ಮನೆಗೆ ಬಂದು ಸುಮಂಗಲಾಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಾ ಕೂತಿದ್ದಳು. "ನೀವು ಹ್ಯಾಂಗ ಮಾಡಿದ್ರೂ ನಾ ಏನೂ ಅನ್ನಂಗಿಲ್ಲ. ಆದ್ರ ನನಗ ಇನ್ನ ಊರೂರು ತಿರುಗಾಕ ಆಗಂಗಿಲ್ಲ ನೋಡ್ರಿ" ಎಂದಳು. ಐದು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗಿ, ರೇಣುಕಾ ಬರೆದ ಮಾದರಿಯಲ್ಲಿ ಅಂಕಿ ಇದ್ದ ಕಡೆ ಚುಕ್ಕೆ ಒತ್ತಿದೆ, ನಕ್ಷತ್ರ ಒತ್ತಿದೆ. ಎರಡು ಸೆಕೆಂಡಿನ ಕೆಲಸ.

ಕಮಿಟಿಯವರ ಮುಂದೆ ಓಡಿಸಿ ತೋರಿಸುವವಳು ರೇಣುಕಾ. ಅವರು ಬರುವ ಮೊದಲು ಒಮ್ಮೆ ಓಡಿಸಿ ನೋಡಿದಳು. ಕೊನೆಯ ಸಾಲಿನಲ್ಲಿ ಅರವತ್ತು ಎಂದು ಬಂತು. ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

ಐದು ಜನ ಹಿರಿಯರು ಬಂದು ಕುರ್ಚಿ ಎಳೆದುಕೊಂಡು ಕೂತರು. ಪಾಸ್, ಪಾಸ್ ಎಂದು ಸಾಲುಗಳು ಉರುಳಿದವು. ಪ್ರಿನ್ಸಿಪಾಲರು "ಅರವತ್ತಕ್ಕ ಅರವತ್ತ್ರಿ" ಎಂದರು. ಅಧ್ಯಕ್ಷರು ಒಳ್ಳೆಯ ಮನುಷ್ಯ. ಹುಡುಗಿಯನ್ನೂ ಒಂದು ಮಾತು ಆಡಿಸೋಣವೆಂದು ಅವಳ ಕಡೆ ತಿರುಗಿದರು. "ಎಲ್ಲಾ ಬರೋಬರಿ ಐತೇನವಾ ತಂಗಿ?"

"ಸರ್ ಅವ್ರನ್ನ ಕೇಳ್ರಿ" ಎಂದಳು ರೇಣುಕಾ.

ಎಲ್ಲರೂ ನನ್ನ ಕಡೆ ನೋಡಿದರು. ಇಲ್ಲ ಎನ್ನಲು ಅದೇ ಸಮಯ. ಅವಳು ನನಗಾಗಿಯೇ ಆ ಬಾಗಿಲು ತೆರೆದಿಟ್ಟಿದ್ದಳು ಎಂದು ಆಗಲೂ ಗೊತ್ತಿತ್ತು.

"ಬರೋಬರಿ ಐತ್ರಿ" ಎಂದೆ.

ವಾರದೊಳಗೆ ಆದೇಶ ಬಂತು. ಸುಮಂಗಲಾ ಅಂದು ಸಂಜೆಯೇ ದೊಡ್ಡ ಪಾತ್ರೆಗಳನ್ನು ಪೆಟ್ಟಿಗೆಯಿಂದ ತೆಗೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಡುಗೆಮನೆಯ ಗೋಡೆಗುಂಟ ಜೋಡಿಸಿದಳು. ಇಲ್ಲದ ಸಂಕಟ ಹೇಳಿಕೊಳ್ಳುವುದಿಲ್ಲ, ಆ ಸಂಜೆ ನನಗೆ ಬಹಳ ಸಂತೋಷವಾಗಿತ್ತು.

ರೇಣುಕಾ ಲ್ಯಾಬಿಗೆ ಬರುವುದನ್ನು ನಿಲ್ಲಿಸಲಿಲ್ಲ. ಕಮಿಟಿ ಹೋದ ಮರುದಿನವೇ ಮಾದರಿಯನ್ನು ಮೊದಲಿನಂತೆ ಮಾಡಿದ್ದಳು, ಅದನ್ನು ನನಗೆ ಒಂದು ವಾಕ್ಯದಲ್ಲಿ ತಿಳಿಸಿದಳು. ದೀಪಾವಳಿ ಕಳೆದ ಮೇಲೆ ಆ ಜನರಿಂದ ಉತ್ತರ ಬಂತು. ಡಿಬಗರಿನಲ್ಲಿ ನಿಜವಾಗಿಯೂ ತಪ್ಪಿದೆ, ಎಷ್ಟೋ ವರ್ಷದಿಂದ ಇದೆ, ಯಾವ ಟೆಸ್ಟೂ ಹಿಡಿದಿರಲಿಲ್ಲ, ರೇಣುಕಾ ಅವರ ಟೆಸ್ಟಿನಿಂದ ಸಿಕ್ಕಿತು ಎಂದು ತಿದ್ದುಪಡಿಯ ಜೊತೆ ಅವಳ ಹೆಸರನ್ನು ಬರೆದಿದ್ದರು. ಅದನ್ನು ಪ್ರಿಂಟ್ ತೆಗೆಸಿಕೊಂಡು ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ನೋಟಿಸ್ ಬೋರ್ಡಿನ ಮೇಲೆ ಅವಳ ಹೆಸರು ಬರೆಸಬೇಕೆಂದೆ.

"ಕಮಿಟಿ ಮುಂದ ಎಲ್ಲಾ ಬರೋಬರಿ ಐತಿ ಅಂತ ಹೇಳಿದವ್ರು ನೀವ ಅಲ್ರಿ?" ಎಂದರು ಅವರು. "ಈಗ ತಪ್ಪಿತ್ತು, ಹುಡುಗಿ ಹಿಡದಾಳ ಅಂತ ಬೋರ್ಡ್ ಮ್ಯಾಲೆ ಬರದ್ರ ನಿಮ್ಮ ಮಾತು ಎಲ್ಲಿ ಉಳೀತೈತಿ?"

ಆ ಹಾಳೆಯನ್ನು ಮಡಚಿ ರೇಣುಕಾಗೆ ಕೊಟ್ಟೆ. ಬೋರ್ಡಿಗೆ ಹಾಕಿಸಲು ಆಗಲಿಲ್ಲ ಎಂದು ಹೇಳಿದೆ, ಯಾಕೆ ಎಂದು ಹೇಳಲಿಲ್ಲ. ಅವಳು ಓದಿ, ಸಿ.ಡಿ.ಯ ಜೊತೆ ಚೀಲದಲ್ಲಿ ಇಟ್ಟುಕೊಂಡಳು.

ಮೇ ತಿಂಗಳಲ್ಲಿ ಅವಳು ಧಾರವಾಡದಲ್ಲಿ ಎಂ.ಸಿ.ಎ.ಗೆ ಅರ್ಜಿ ಹಾಕಿದಳು. ಅರ್ಜಿಯ ಜೊತೆ ಕಲಿಸಿದವರೊಬ್ಬರ ಶಿಫಾರಸು ಪತ್ರ ಬೇಕಿತ್ತು. ಅವಳು ಕೇಳುವ ಮೊದಲೇ ನಾನು ಪತ್ರ ಬರೆದು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ. ಇಷ್ಟು ಮನಸ್ಸಿಟ್ಟು ನಾನು ಯಾರಿಗೂ ಬರೆದಿರಲಿಲ್ಲ. ವಾರ ಕಾದರೂ ಅವಳು ಬರಲಿಲ್ಲ. ವಿಚಾರಿಸಿದರೆ, ಗಣಿತದ ಮೇಡಂ ಹತ್ತಿರ ಬರೆಸಿಕೊಂಡು ಹೋಗಿದ್ದಾಳೆಂದು ತಿಳಿಯಿತು. ಅದೇ ಮೇಡಂ ಎರಡನೇ ವರ್ಷದಲ್ಲಿ ಅವಳನ್ನು ಒಂದು ಪೇಪರಿನಲ್ಲಿ ಫೇಲ್ ಮಾಡಿದ್ದರು.

ಟಿ.ಸಿ. ಒಯ್ಯಲು ಬಂದಾಗ ವರಾಂಡದಲ್ಲಿ ಸಿಕ್ಕಳು. ತಡೆಯಲಾರದೆ ಕೇಳಿಯೇಬಿಟ್ಟೆ. "ಪತ್ರ ನಾ ಬರೀತಿದ್ನೆಲ್ಲವಾ. ನನ್ನ ಕಡೆ ಯಾಕ ಬರಲಿಲ್ಲ?"

ಅವಳು ಸ್ವಲ್ಪ ಯೋಚಿಸಿದಳು. ನನಗೆ ನೋವಾಗದ ಹಾಗೆ ಹೇಳುವುದು ಹೇಗೆಂದು ಯೋಚಿಸುತ್ತಿದ್ದಳೆಂದು ಕಾಣುತ್ತದೆ.

"ನೀವು ಚಲೋನ ಬರೀತೀರಿ ಅಂತ ಗೊತ್ತಿತ್ರಿ, ಸರ್" ಎಂದಳು. "ನೀವು ಯಾರಿಗೆ ಬರದ್ರೂ ಚಲೋನ ಬರೀತೀರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.